ನಾಲ್ಕು ಸೀನಿನ ಅಕ್ಕ

ನಾನು ಬರೆಯುತ್ತಿರುವ ಸಿನಿಮಾ ಸ್ಕ್ರಿಪ್ಟಿನ ಮೊದಲ ಡ್ರಾಫ್ಟ್‌ನಲ್ಲಿ ಗಿರಿಜಕ್ಕ ಇದ್ದದ್ದು ನಾಲ್ಕೇ ಸೀನು. ಎರಡರಲ್ಲಿ ಕಾಫಿ ತರುತ್ತಾಳೆ, ಒಂದರಲ್ಲಿ ಅಳುತ್ತಾಳೆ, ಕೊನೆಯದರಲ್ಲಿ ಬಸ್ಸು ಹತ್ತಿ ಗಂಡನ ಮನೆಗೆ ಹೋಗುತ್ತಾಳೆ. ತಿಪಟೂರು ಕಡೆಯ ಕಥೆ. ಅಪ್ಪ ಸತ್ತಿದ್ದಾನೆ, ತೆಂಗಿನ ತೋಟ ಮಾರಬೇಕೋ ಬೇಡವೋ ಅಂತ ಅವಳ ತಮ್ಮಂದಿರು ಲೋಕೇಶ, ಮಂಜ ಇಬ್ಬರೂ ಕಿತ್ತಾಡುತ್ತಾರೆ. ಒಟ್ಟು 112 ಪುಟ. ಪುಟಕ್ಕೊಂದು ನಿಮಿಷ ಅಂತ ಲೆಕ್ಕ ಹಾಕಿದರೆ ಸರಿಯಾಗೇ ಇತ್ತು.

ಓದಿದ ವಕೀಲ ಗೆಳೆಯ ಕೇಳಿದ್ದು ಒಂದೇ ಮಾತು. "ಅಲ್ಲ ಗುರು, ಅಕ್ಕನ ಸಹಿ ಇಲ್ಲದೆ ಇವರು ಹೆಂಗೆ ಮಾರ್ತಾರೆ?" 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು, ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನನಗೆ ಗೊತ್ತಿತ್ತು. ಬರೆಯುವಾಗ ಮಾತ್ರ ಹೊಳೆದಿರಲಿಲ್ಲ ನೋಡಿ!

ಸರಿ, ಅಕ್ಕನ ಪಾತ್ರ ಬೆಳೆಸೋಣ ಅಂತ ಕೂತೆ. ಅಲ್ಲೇ ಎಡವಿದ್ದು. ಗಂಡನ ಜೊತೆ ಜಗಳ, ಚಿಕ್ಕವಳಿದ್ದಾಗಿನ ಫ್ಲ್ಯಾಶ್‌ಬ್ಯಾಕ್, ಬಾವಿ ಕಟ್ಟೆ ಮೇಲೆ ಒಂದೂವರೆ ಪುಟದ ಡೈಲಾಗು, ಹೀಗೆ ಒಂಬತ್ತು ಸೀನು ಸೇರಿಸಿದೆ. 131 ಪುಟ ಆಯ್ತು. ನರೇಷನ್‌ಗೆ ಕೂತು ಕಥೆ ಕೇಳುತ್ತಿದ್ದ ನಿರ್ದೇಶಕರು ಬಾವಿ ಕಟ್ಟೆ ಬರುವಷ್ಟರಲ್ಲಿ ಮೊಬೈಲ್ ತೆಗೆದರು. ಮನೆಗೆ ಬಂದು ಸೀನಿನ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿ ಆ ಒಂಬತ್ತನ್ನೂ ಎತ್ತಿಟ್ಟೆ. ಕಥೆ ಒಂಚೂರೂ ಅಲ್ಲಾಡಲಿಲ್ಲ. ಅವಳು ಜಾಸ್ತಿ ಹೊತ್ತು ಕಾಣಿಸುತ್ತಿದ್ದಳು, ಅಷ್ಟೇ.

ಮೂರನೇ ಸಲ ಹೊಸ ಸೀನು ಬರೆಯಲೇ ಇಲ್ಲ. ಇರುವ ಸೀನುಗಳಲ್ಲಿ ತಮ್ಮಂದಿರು ಏನೇನು ತೀರ್ಮಾನ ಮಾಡುತ್ತಾರೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ಇದನ್ನು ಅಕ್ಕ ಮಾಡಿದರೆ ಹೇಗೆ ಅಂತ ಒಂದೊಂದನ್ನೇ ಕೇಳಿಕೊಂಡೆ. ಅಪ್ಪನ ಟ್ರಂಕಿನಲ್ಲಿ ಸಾಲದ ಪತ್ರ ಮಂಜನ ಕೈಗೆ ಸಿಗುತ್ತಿತ್ತು, ಈಗ ಅವಳಿಗೆ ಸಿಗುತ್ತದೆ. ಮದುವೆಗೆ ಮುಂಚೆ ಅಪ್ಪನ ಕೊಬ್ಬರಿ ಲೆಕ್ಕ ಬರೆಯುತ್ತಿದ್ದವಳು ಅವಳೇ ಅಂತ ಮಾಡಿದೆ. ಅದಕ್ಕೆ ಎಂಟನೇ ಪುಟದಲ್ಲಿ ಒಂದು ಹಳೇ ಲೆಕ್ಕದ ಪುಸ್ತಕ ಇಟ್ಟರೆ ಸಾಕಾಯ್ತು.

ಎಲ್ಲಕ್ಕಿಂತ ಹೆಚ್ಚು ಬದಲಾಗಿದ್ದು ಒಂದು ಕಾಫಿ ಸೀನು. ಮೊದಲು ತಮ್ಮಂದಿರು ಹಜಾರದಲ್ಲಿ ಮಾತಾಡುತ್ತಿದ್ದರು, ಅವಳು ಲೋಟ ಇಟ್ಟು ಒಳಗೆ ಹೋಗುತ್ತಿದ್ದಳು. ಈಗ ಅವಳು ತನ್ನ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಮೇಜಿನ ಮೇಲಿದೆ, ಪೆನ್ನೂ ಇದೆ. ಅವಳು ಅಟ್ಟದಿಂದ ಇಳಿದು ಬರುತ್ತಾಳೆ, ಕೈಯಲ್ಲೊಂದು ತೆಂಗಿನಕಾಯಿ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಬೇಕು, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಾಗ ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಅವಳು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಸದ್ದಿಲ್ಲ. "ಇನ್ನೂ ಎರಡು ತಿಂಗಳು ಬೇಕು ಕಣೋ" ಅಂದು ಕಾಯನ್ನು ಆ ಪತ್ರದ ಮೇಲೇ ಇಟ್ಟು ಹೋಗುತ್ತಾಳೆ. ಸಹಿ ಹಾಕಲಿಲ್ಲ, ಹಾಕಲ್ಲ ಅಂತಲೂ ಹೇಳಲಿಲ್ಲ. ಇಂಟರ್‌ವಲ್ ಅಲ್ಲಿಗೆ ಬಂದು ಕೂತಿತು. ಸೆಕೆಂಡ್ ಹಾಫ್ ಪೂರ್ತಿ ಆ ಎರಡು ತಿಂಗಳು.

ಪೆಟ್ಟು ಬಿದ್ದಿದ್ದು ಮಂಜನಿಗೆ. ಆ ಪಾತ್ರಕ್ಕೆ ಒಪ್ಪಿಕೊಂಡಿದ್ದ ನಟರು ಮತ್ತೆ ನರೇಷನ್ ಕೇಳಿ "ಸರ್, ನನ್ನ ಟ್ರಂಕ್ ಸೀನ್ ಎಲ್ಲೋಯ್ತು?" ಅಂದರು. ನ್ಯಾಯವೇ ಅಲ್ವಾ. ಮಂಜ ಯಾರಿಗೂ ಹೇಳದೆ ತೋಟ ಕೊಳ್ಳುವವರಿಂದ ಅಡ್ವಾನ್ಸ್ ತಗೊಂಡು ಖರ್ಚು ಮಾಡಿಬಿಟ್ಟಿದ್ದಾನೆ ಅಂತ ಬರೆದೆ. ಈಗ ಅಕ್ಕ ತಡ ಮಾಡಿದಷ್ಟೂ ಅವನಿಗೆ ಬೆವರು. ಸೀನು ಕಮ್ಮಿ ಆದರೂ ಅವರಿಗೆ ಇದೇ ಇಷ್ಟ ಆಯ್ತು.

ಈಗ 116 ಪುಟ ಇದೆ. ಕ್ಲೈಮ್ಯಾಕ್ಸಿನಲ್ಲಿ ಅಕ್ಕನಿಗೊಂದು ದೊಡ್ಡ ಡೈಲಾಗ್ ಬೇಕು ಅಂತ ನಿರ್ದೇಶಕರು ಇನ್ನೂ ಕೇಳುತ್ತಿದ್ದಾರೆ. ಎರಡು ಸಲ ಬರೆದೆ, ಎರಡು ಸಲವೂ ಹರಿದು ಹಾಕಿದೆ.