ಆಪೊಮ್ಯಾಟಕ್ಸ್ ನೋಡಲು ಹೋದಾಗ

ರಿಚ್ಮಂಡ್‌ನಿಂದ ಕಾರಿನಲ್ಲಿ ಎರಡು ಗಂಟೆ ಹಿಡಿಯಲಿಲ್ಲ. ಹಸಿದ ಸೈನ್ಯ ಕಟ್ಟಿಕೊಂಡು ದಕ್ಷಿಣದವರ ಸೇನಾಪತಿ ಲೀ ಇದೇ ಕಡೆ ಬರಲು ಒಂದು ವಾರ ಹಿಡಿದಿತ್ತು. 1865ರ ಏಪ್ರಿಲ್ 9ರಂದು ಈ ವರ್ಜೀನಿಯಾದ ಹಳ್ಳಿಯಲ್ಲಿ ಅವನು ಉತ್ತರದವರ ಸೇನಾಪತಿ ಗ್ರಾಂಟ್‌ಗೆ ಶರಣಾದ. ಅಮೆರಿಕದ ಅಂತರ್ಯುದ್ಧ ಇಲ್ಲೇ ಮುಗಿಯಿತು ಅಂತಾರೆ. ಆದರೆ ಶರಣಾಗಿದ್ದು ಲೀ ಸೈನ್ಯ ಮಾತ್ರ. ಉತ್ತರ ಕೆರೊಲಿನಾದಲ್ಲಿದ್ದ ದಕ್ಷಿಣದವರ ಇನ್ನೊಬ್ಬ ಸೇನಾಪತಿ ಜಾನ್‌ಸ್ಟನ್ ಶರಣಾಗಿದ್ದು ಏಪ್ರಿಲ್ 26ಕ್ಕೆ.

ಇಂಥ ಜಾಗಗಳಲ್ಲಿ ನಾನು ಮೊದಲು ಕೇಳುವುದು ಇದನ್ನೇ: ಇದರಲ್ಲಿ ಆಗಿನದು ಯಾವುದು? ಶರಣಾಗತಿ ನಡೆದ ಮೆಕ್‌ಲೀನ್ ಮನೆಯಂತೂ ಅಲ್ಲ. ವಾಷಿಂಗ್ಟನ್‌ಗೆ ಒಯ್ದು ಮ್ಯೂಸಿಯಂ ಮಾಡುತ್ತೇವೆ ಅಂತ 1893ರಲ್ಲಿ ಅದನ್ನು ಬಿಚ್ಚಿದರು. ದುಡ್ಡು ಹುಟ್ಟಲಿಲ್ಲ. ಇಟ್ಟಿಗೆ, ಮರ ಅಲ್ಲೇ ಬಿದ್ದಿದ್ದವು, ಸಿಕ್ಕವರು ಹೊತ್ತುಕೊಂಡು ಹೋದರು. ಬಿಚ್ಚುವಾಗ ಅಳತೆ, ನಕ್ಷೆ ಬರೆದಿಟ್ಟಿದ್ದರು ಪುಣ್ಯಕ್ಕೆ. ಅದನ್ನಿಟ್ಟುಕೊಂಡು 1940ರ ದಶಕದಲ್ಲಿ ಮತ್ತೆ ಕಟ್ಟಿದ್ದೇ ಈಗಿನ ಮನೆ.

ಹಾಗಾಗಿ ಮೊದಲು ಕ್ಲೋವರ್ ಹಿಲ್ ಟಾವರ್ನ್ ಅನ್ನುವ ಹಳೇ ವಸತಿಗೃಹಕ್ಕೆ ಹೋದೆ. 1819ರ ಕಟ್ಟಡ, ಇದು ನಿಜಕ್ಕೂ ಆಗಿನದೇ. ಸೋತವರಿಗೆ ಪೆರೋಲ್ ಚೀಟಿ, ಅಂದರೆ ಮತ್ತೆ ಯುದ್ಧ ಮಾಡಲ್ಲ ಅಂತ ಮಾತು ಕೊಟ್ಟವರನ್ನು ಬಿಟ್ಟುಕಳಿಸುವ ಚೀಟಿ, ಅಚ್ಚು ಹಾಕಿದ್ದು ಇಲ್ಲಿ. ಸುಮಾರು 28,000 ಜನ ಅದನ್ನು ಹಿಡಿದು ಊರಿಗೆ ಹೊರಟರು. ಜೈಲಿಲ್ಲ, ವಿಚಾರಣೆಯಿಲ್ಲ. ಸ್ವಂತ ಕುದುರೆ ಇದ್ದವರು ಬಿತ್ತನೆಗೆ ಬೇಕು ಅಂತ ಅದನ್ನೂ ಹೊಡೆದುಕೊಂಡು ಹೋಗಬಹುದಿತ್ತು. ಬೇಸಾಯದ ಮನೆಯಲ್ಲಿ ಬೆಳೆದ ನನಗೆ ಇಡೀ ಒಪ್ಪಂದದಲ್ಲಿ ಬುದ್ಧಿವಂತಿಕೆ ಕಂಡಿದ್ದು ಈ ಮಾತಿನಲ್ಲೇ.

ಮೆಕ್‌ಲೀನ್ ಮನೆಯಲ್ಲಿ ಜಾಸ್ತಿ ಜನ ಶರಣಾಗತಿ ನಡೆದ ಪಾರ್ಲರ್ (ಅತಿಥಿಗಳನ್ನು ಕೂರಿಸುವ ಕೋಣೆ) ನೋಡಿ, ಫೋಟೊ ತೆಗೆದು ವಾಪಸಾಗುತ್ತಾರೆ. ನಾನು ಹಿತ್ತಲಿಗೇ ಮೊದಲು ಹೋದೆ. ಅಡುಗೆಮನೆ, ಪಕ್ಕದಲ್ಲಿ ಗುಲಾಮರು ಇರುತ್ತಿದ್ದ ಮನೆ. ಇವೂ ಮತ್ತೆ ಕಟ್ಟಿದವೇ, ಆದರೂ ನೋಡಲೇಬೇಕು. ಶರಣಾಗತಿಯ ದಿನ ಊರಿನ ಇನ್ನೊಂದು ಮನೆಯಲ್ಲಿ ಗುಲಾಮಳಾಗಿದ್ದ ಹನ್ನಾ ರೆನಾಲ್ಡ್ಸ್ ಎಂಬ ಹೆಂಗಸಿಗೆ ಫಿರಂಗಿ ಗುಂಡು ತಗುಲಿತ್ತು. ಮೂರು ದಿನಕ್ಕೆ ತೀರಿಕೊಂಡಳು. ಇಬ್ಬರು ಸೇನಾಪತಿಗಳ ಕಥೆ ಹೇಳುವಾಗ ಇವಳ ಹೆಸರು ಸುಮ್ನೆ ಬಿಟ್ಟುಹೋಗುತ್ತೆ.

ಪಾರ್ಲರ್ ಕೊನೆಗೆ. ಷರತ್ತುಗಳ ಪತ್ರವನ್ನು ನೀಟಾಗಿ ಬರೆದದ್ದು ಗ್ರಾಂಟ್ ಜೊತೆಗಿದ್ದ ಈಲಿ ಪಾರ್ಕರ್, ಸೆನೆಕಾ ಮೂಲನಿವಾಸಿ. ಮನೆಯ ಯಜಮಾನನ ಪಾಡು ಕೇಳಬೇಡಿ. 1861ರಲ್ಲಿ ಇದೇ ಯುದ್ಧದ ಮೊದಲ ದೊಡ್ಡ ಕಾಳಗದಲ್ಲಿ ಮನಾಸಸ್ ಬಳಿಯ ಇವನ ಜಮೀನಿನಲ್ಲೇ ಗುಂಡು ಬಿದ್ದಿತ್ತು, ಆ ಗಲಾಟೆ ಬಿಟ್ಟು ಇಲ್ಲಿಗೆ ಬಂದಿದ್ದ! ಸಹಿ ಆಗಿದ್ದೇ ತಡ, ಗ್ರಾಂಟ್ ಕಡೆಯ ಅಧಿಕಾರಿಗಳು ಸಾಮಾನು ಎತ್ತಿಕೊಂಡರು. ಅವರಲ್ಲಿ ಶೆರಿಡನ್ ಎಂಬವನು ಗ್ರಾಂಟ್ ಬರೆದ ಮೇಜಿಗೆ 20 ಡಾಲರ್ ಕೊಟ್ಟು, ಇನ್ನೊಬ್ಬ ಅಧಿಕಾರಿ ಕಸ್ಟರ್‌ನ ಹೆಂಡತಿಗೆ ಅದನ್ನು ಉಡುಗೊರೆ ಮಾಡಿದ. ಅಸಲಿ ಮೇಜು ಈಗ ಸ್ಮಿತ್ಸೋನಿಯನ್ ಮ್ಯೂಸಿಯಂ ಪಾಲಾಗಿದೆ. ಪಾರ್ಲರಿನಲ್ಲಿ ಇರೋದು ನಕಲು.