ತಾರೀಖಿನ ಪುಸ್ತಕ

ದಾವಣಗೆರೆ ಸೀಮೆಯ ಒಂದು ಜೈಲಿಗೆ ಮೊದಲ ಸಲ ಆಪ್ತಸಮಾಲೋಚಕಿಯಾಗಿ ಹೋದಾಗ ಚೀಲದಲ್ಲಿ ಪ್ರಶ್ನಾವಳಿಯ ಕಟ್ಟು ಇತ್ತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಿದ್ದೆ ಹೇಗಿದೆ, ಊಟ ಸೇರುತ್ತಾ ಅಂತ ಕೇಳುವುದು, ಕಣ್ಣು ಮುಚ್ಚಿಸಿ ಉಸಿರಾಟ ಮಾಡಿಸುವುದು. ಎರಡು ತಿಂಗಳು ಇದೇ ನಡೆಯಿತು. ಮಂಡಕ್ಕಿ ಭಟ್ಟಿಯಲ್ಲಿ ದುಡಿದಿದ್ದ ಹಿರಿಯರೊಬ್ಬರು ಒಂದು ದಿನ ಅರ್ಧಕ್ಕೇ ಕಣ್ಣು ಬಿಟ್ಟು, "ಮೇಡಮ್ಮೋರೆ, ನಂದು ಏನಾಗೈತಿ ಅಂತ ಯಾರಾದ್ರೂ ಹೇಳಿದ್ರೆ ನಿದ್ದಿ ತಾನೇ ಬರ್ತೈತ್ರಿ" ಅಂದರು.

ವಿಚಾರಿಸಿದರೆ ಅವರಿಗೆ ಜಾಮೀನು ಮಂಜೂರಾಗಿ ಮೂರು ವಾರವಾಗಿತ್ತು. ಶ್ಯೂರಿಟಿ ನಿಲ್ಲಲು ಪಹಣಿ ಇರುವವರು ಸಿಕ್ಕಿರಲಿಲ್ಲ. ಅದನ್ನು ಅವರಿಗಾಗಲಿ ಮನೆಯವರಿಗಾಗಲಿ ಯಾರೂ ತಿಳಿಸಿರಲಿಲ್ಲ. ನಾನು ಮಾತ್ರ ಅವರ ಹಾಳೆಯ ಮೇಲೆ 'ಆತಂಕ' ಅಂತ ದುಂಡಗೆ ಬರೆದಿಟ್ಟಿದ್ದೆ.

ಸಮುದಾಯ ಮನೋವಿಜ್ಞಾನ, ಅಂದರೆ ಮನಸ್ಸಿನ ತೊಂದರೆಯನ್ನು ಜನ ಬದುಕುವ ಜಾಗದ ಜೊತೆಗಿಟ್ಟು ನೋಡುವ ಶಾಸ್ತ್ರ, ನಾನು ಪರೀಕ್ಷೆಗೆ ಓದಿದ ವಿಷಯ. 1965ರಲ್ಲಿ ಅಮೆರಿಕದ ಸ್ವಾಂಪ್‌ಸ್ಕಾಟ್‌ನಲ್ಲಿ ನಡೆದ ಸಮ್ಮೇಳನದಿಂದ ಅದಕ್ಕೆ ಆ ಹೆಸರು ನಿಂತಿತು ಅನ್ನುವುದು ಬಾಯಿಪಾಠವಾಗಿತ್ತು. ಅಷ್ಟು ದೂರ ಯಾಕೆ, ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿದ್ದರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇವನಿಗೇನು ಕೊರತೆ ಅನ್ನುವುದನ್ನು ಬಿಟ್ಟು ಈ ಜಾಗಕ್ಕೇನು ಕೊರತೆ ಅಂತ ಕೇಳಬೇಕು ಅನ್ನುವುದು ನನಗೆ ಹೊಳೆದದ್ದು ಭಟ್ಟಿಯ ಹಿರಿಯರಿಂದ.

ಹಾಗಾಗಿ ಪ್ರಶ್ನಾವಳಿ ಬದಿಗಿಟ್ಟು ಒಂದು ಲಾಂಗ್‌ಬುಕ್ ತಂದೆ. ಒಳಗೆ ಬಂದ ದಿನ, ಯಾವ ಕಲಂ, ವಕೀಲರು ಇದ್ದಾರಾ, ಹಿಂದಿನ ತಾರೀಖು, ಮುಂದಿನ ತಾರೀಖು. ಬರೆಯುವವರು ಬ್ಯಾರಕ್‌ನವರೇ. ವಕೀಲರಿಲ್ಲದವರ ಪಟ್ಟಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತಿತ್ತು. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವಾ ಕಾಯ್ದೆಯಲ್ಲೇ ಇದೆ. 2024ರ ಜುಲೈ 1ರಂದು ಕ್ರಿಮಿನಲ್ ಕೇಸು ನಡೆಸುವ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂದ ಮೇಲಂತೂ ಈ ಪುಸ್ತಕದ ಬೆಲೆ ಏರಿತು. ಅದರ 479ನೇ ಕಲಮಿನ ಪ್ರಕಾರ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿಗಳು, ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ, ಬಿಡುಗಡೆಗೆ ಅರ್ಹರು. ಗಲ್ಲು, ಜೀವಾವಧಿಯ ಕೇಸಿಗೂ ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೂ ಇದು ಅನ್ವಯಿಸದು. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯಬೇಕಾದವರು ಜೈಲಿನ ಅಧೀಕ್ಷಕರು. ದಿನ ಎಣಿಸುವವರೊಬ್ಬರು ಬೇಕಲ್ಲ, ಎಣಿಸುವುದರಲ್ಲಿ ಕೈದಿಗಳನ್ನು ಮೀರಿಸುವವರು ಯಾರಿದ್ದಾರೆ?

ಆದರೆ ನಾನೊಂದು ಎಡವಟ್ಟು ಮಾಡಿದ್ದೆ. ಓದುಬರಹ ಬಲ್ಲ ಇಬ್ಬರು ಹುಡುಗರ ಕೈಗೆ ಪೂರ್ತಿ ಪುಸ್ತಕ ಕೊಟ್ಟುಬಿಟ್ಟಿದ್ದೆ. ತಿಂಗಳೊಳಗೆ ಅರ್ಜಿಗೊಂದು ಬಿಸ್ಕತ್ತು ಪೊಟ್ಟಣ ಅಂತ ದರ ನಿಗದಿಯಾಗಿತ್ತು! ಬೈಯಲಿಲ್ಲ, ಬೈದರೆ ಪುಸ್ತಕವೇ ಮಾಯವಾಗುತ್ತಿತ್ತು. ಬ್ಯಾರಕ್‌ನವರನ್ನೆಲ್ಲ ಕೂರಿಸಿ ನೀವೇ ತೀರ್ಮಾನಿಸಿ ಅಂದೆ. ಹದಿನೈದು ದಿನಕ್ಕೊಮ್ಮೆ ಬರೆಯುವವರು ಬದಲಾಗಬೇಕು, ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಪಕ್ಕದಲ್ಲಿ ಓದು ಬಾರದವರೊಬ್ಬರು ಕೂರಲೇಬೇಕು ಅಂತಾಯಿತು. ಕೊನೆಯ ನಿಯಮ ಭಟ್ಟಿಯ ಹಿರಿಯರದು. ಅಕ್ಷರ ಬಾರದಿದ್ದರೂ ಯಾರ ತಾರೀಖು ಯಾವತ್ತು ಅನ್ನುವುದು ಅವರ ನಾಲಿಗೆ ತುದಿಯಲ್ಲಿರುತ್ತಿತ್ತು.

ಹೊಸಬರ ಮೊದಲ ರಾತ್ರಿಗಳಿಗೂ ಒಬ್ಬ ಜೊತೆಗಾರನನ್ನು ಬ್ಯಾರಕ್‌ನವರೇ ನೇಮಿಸಿದರು. ಪ್ರಾಣ ಕಳೆದುಕೊಳ್ಳುವ ಯೋಚನೆ ಹೆಚ್ಚು ಕಾಡುವುದು ಬಂಧನದ ಆ ಮೊದಲ ದಿನಗಳಲ್ಲೇ. ಕಿವಿಯಲ್ಲಿ ದನಿ ಕೇಳಿಸುತ್ತದೆ ಅನ್ನುವವರು, ಊಟ ಬಿಟ್ಟು ಗೋಡೆ ನೋಡುತ್ತ ಕೂರುವವರು ಮಾತ್ರ ನೇರ ಮನೋವೈದ್ಯರ ಹತ್ತಿರ. ಅದು ಜೊತೆಗಾರನಿಂದ ಆಗುವ ಕೆಲಸವಲ್ಲ.

ಕಳೆದ ಸಲ ಜ್ವರ ಬಂದು ಎರಡು ವಾರ ಹೋಗಿರಲಿಲ್ಲ. ಏನೇನು ನಿಂತುಹೋಗಿದೆಯೋ ಅಂತ ಅಳುಕಿಕೊಂಡೇ ಒಳಗೆ ಕಾಲಿಟ್ಟೆ. ಹತ್ತು ಹನ್ನೆರಡು ಜನ ಪುಸ್ತಕದ ಸುತ್ತ ಕೂತಿದ್ದರು, ವಾರ್ಡರ್ ಕೂಡ ಬಗ್ಗಿ ನೋಡುತ್ತಿದ್ದರು. ಪೆನ್ನು ಹಿಡಿದ ಹುಡುಗ ತಲೆ ಎತ್ತದೆ ಅಂದ: "ಮೇಡಂ, ಚೂರು ಕೂತ್ಕಳ್ರಿ. ಇನ್ನಾ ಮೂರು ಮಂದೀದು ಓದಾದೈತಿ."