ನಾಲ್ಕನೇ ತಿಂಗಳಲ್ಲಿ ಕಾಣೆಯಾಗುವ ಬಸಿರು

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ನನ್ನನ್ನು ನರ್ಸಮ್ಮ ಅಂತಾರೆ. ಸರ್ಕಾರಿ ಕೆಲಸ ಸಿಗುವ ಮೊದಲು ಒಂದು ನರ್ಸಿಂಗ್ ಹೋಮ್‌ನಲ್ಲಿದ್ದೆ. ಒಂದು ರಾತ್ರಿ ಅಲ್ಲಿಗೆ ಐದು ತಿಂಗಳ ಬಸುರಿಯನ್ನು ಹಿಂದಿನ ಬಾಗಿಲಿಂದ ಕರೆತಂದರು. ರಿಜಿಸ್ಟರ್‌ನಲ್ಲಿ ಹೆಸರು ಬರೆಯಲಿಲ್ಲ. ಟ್ರೇ ಹಿಡಿದು ನಿಂತವಳು ನಾನೇ. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಸಿಸ್ಟರ್, ಹೆಣ್ಣೇ ಅಲ್ವಾ? ಸರಿಯಾಗಿ ನೋಡಿದ್ರಾ?"

ಆ ತಿಂಗಳೇ ಕೆಲಸ ಬಿಟ್ಟೆ. ಆದರೆ ಯಾರಿಗೂ ದೂರು ಕೊಡಲಿಲ್ಲ. ಕೊಡಬೇಕಿತ್ತು. ಆ ಭಾರ ಇವತ್ತಿಗೂ ಇಳಿದಿಲ್ಲ.

ಸರ್ಕಾರಿ ಆರೋಗ್ಯ ಉಪಕೇಂದ್ರಕ್ಕೆ ಬಂದ ಮೇಲೆ ಒಂದು ದಿನ ಊರಿನ ಆಶಾ ಕಾರ್ಯಕರ್ತೆ ಜೊತೆ ಕೂತು ಬಸುರಿಯರ ಪಟ್ಟಿ ತಾಳೆ ನೋಡುತ್ತಿದ್ದೆ. ಹಲವು ಹೆಸರುಗಳದ್ದು ಒಂದೇ ಕಥೆ: ಮೊದಲನೆಯದು ಹೆಣ್ಣು, ಈಗ ಎರಡನೇ ಬಸಿರು. ಎರಡನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಿದ್ದಾರೆ. ಐದನೇ ತಿಂಗಳ ತಪಾಸಣೆಗೆ ಆಳೇ ಇಲ್ಲ. ಮನೆಗೆ ಹೋಗಿ ಕೇಳಿದರೆ, "ತಾನಾಗೇ ಹೋಗ್ಬುಡ್ತು ಕನವ್ವ." ಒಂದೆರಡು ನಿಜವೇ ಇರಬಹುದು. ಆದರೆ ತಾನಾಗಿ ಹೋಗುವ ಬಸಿರು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗಂಡು ಹೆಣ್ಣು ಗೊತ್ತಾಗುವುದು ಸುಮಾರು 14 ವಾರಕ್ಕೆ. ಇವೆಲ್ಲ ಹೋಗಿದ್ದು ಅದಾದ ಮೇಲೆ. ಮೊದಲು ಗಂಡು ಹುಟ್ಟಿದ ಮನೆಗಳಲ್ಲಿ ಹೀಗೆ ಆಗಿರಲೇ ಇಲ್ಲ.

ಅವತ್ತಿಂದ ಮೊದಲನೆಯದು ಹೆಣ್ಣಾದ ಬಸುರಿಯರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯಲು ಶುರು ಮಾಡಿದೆ. 12 ವಾರದಿಂದ 20 ವಾರದವರೆಗೆ ಆ ಮನೆಗಳಿಗೆ ಜಾಸ್ತಿ ಸಲ ಹೋಗುತ್ತೇನೆ.

ಮೊದಮೊದಲು ಹೋದವಳೇ ಕಾನೂನು ಹೇಳುತ್ತಿದ್ದೆ. ಅತ್ತೆಯಂದಿರು ಬಾಗಿಲು ಹಾಕಿಕೊಂಡರು. ಆಮೇಲೆ ಸುಮ್ನೆ ಜಗಲಿ ಮೇಲೆ ಕೂತು ಅತ್ತೆಯ ಬಿಪಿ, ಶುಗರ್ ನೋಡತೊಡಗಿದೆ. ಮಾತು ತಾನಾಗಿ ಬರುತ್ತದೆ. "ಗಂಡು ಬೇಕು ಅನ್ನೋ ಆಸೆ ಇರುತ್ತೆ ಅವ್ವ. ಆದ್ರೆ ಐದು ತಿಂಗಳಲ್ಲಿ ಕದ್ದು ತೆಗೆಸಿ ರಕ್ತ ನಿಲ್ಲದಿದ್ರೆ, ಮನೇಲಿರೋ ಮಗೂಗೂ ತಾಯಿ ಇಲ್ಲದಂಗಾಗುತ್ತೆ" ಅಂತೀನಿ. ಗಂಡಂದಿರಿಗೆ ಎರಡು ಮಾತು. ಮಗು ಗಂಡೋ ಹೆಣ್ಣೋ ಅನ್ನೋದು ಗಂಡಸಿನ ವೀರ್ಯದಿಂದಲೇ ತೀರ್ಮಾನವಾಗುತ್ತದೆ. ಇನ್ನೊಂದು, ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಪತ್ತೆ ಮಾಡುವುದನ್ನು ನಿಷೇಧಿಸಿರುವ 1994ರ ಕಾನೂನು, ಆ ಪತ್ತೆಗೆ ಬಸುರಿಯನ್ನು ಗಂಡ ಅಥವಾ ಮನೆಯವರೇ ಬಲವಂತ ಮಾಡಿದ್ದಾರೆ ಅಂತ ಮೊದಲೇ ಭಾವಿಸುತ್ತದೆ. ಅಲ್ಲ ಅಂತ ತೋರಿಸಬೇಕಾದವರು ಅವರೇ. ಇದನ್ನು ಕೇಳಿದಾಗ ಅವರ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎಲ್ಲ ಗರ್ಭಪಾತಕ್ಕೂ ನಾನು ಅಡ್ಡ ನಿಲ್ಲುವವಳಲ್ಲ. 1971ರ ಗರ್ಭಪಾತ ಕಾನೂನು ಹೆಂಗಸರಿಗೆ ಕೊಟ್ಟಿರುವ ದಾರಿ ಅದು. ಕಾಪರ್-ಟಿ ಇದ್ದೂ ಬಸುರಾದವಳನ್ನು, ಅತ್ಯಾಚಾರಕ್ಕೆ ಒಳಗಾದ ಹುಡುಗಿಯನ್ನು ನಾನೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ತೆಗೆಸುವುದರ ವಿರುದ್ಧ ನನ್ನ ಹೋರಾಟ. ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು. 2001ಕ್ಕೆ 946 ಆಯಿತು, 2011ರಲ್ಲಿ 948. ಆ ಕಮ್ಮಿಯಾದವರಲ್ಲಿ ಒಂದು ನನ್ನ ಟ್ರೇಯಲ್ಲಿತ್ತು.

2023ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲೇ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗ! ಅಲ್ಲಿಯವರೆಗೆ ಹೆದರುತ್ತಿದ್ದ ಆಶಾಗಳು ಆಮೇಲೆ ತಾವಾಗೇ ಫೋನ್ ಮಾಡತೊಡಗಿದರು. ನಾನೀಗ ಗಾಳಿಸುದ್ದಿ ಕೊಡುವುದಿಲ್ಲ. ಕಾರ್ಡ್ ನಂಬರ್, ಎಷ್ಟು ವಾರ, ಯಾವತ್ತು ಊರು ಬಿಟ್ಟರು, ಯಾವತ್ತು ಬಂದರು, ಎಲ್ಲ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡುತ್ತೇನೆ. ಬರೆದು ಕೊಟ್ಟ ಕಾಗದವನ್ನು ತಳ್ಳಿಹಾಕುವುದು ಸುಲಭವಲ್ಲ.

ಈ ತಿಂಗಳ ಪಟ್ಟಿಯಲ್ಲಿ ಆರು ಕೆಂಪು ಗೆರೆಗಳಿವೆ. ಅವರಲ್ಲಿ ಒಬ್ಬಳಿಗೆ ನಾಳೆ 13 ವಾರ ತುಂಬುತ್ತದೆ. ಅವಳ ಅತ್ತೆಗೆ ಶುಗರ್ ಇದೆ. ಸ್ಟ್ರಿಪ್ ಚೀಲಕ್ಕೆ ಹಾಕಿಕೊಂಡಿದ್ದೇನೆ.